ಸಣ್ಣ ಹಿಂಡಿನ ಉಣ್ಣೆಯನ್ನು ಯಾರಿಗೆ ಮಾರಬೇಕು?

ಮಲಪ್ರಭಾ ದಂಡೆ – ರಾಮದುರ್ಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 34 ಕುರಿಗಳಿವೆ. 26 ದಖ್ಖನಿ, ಮಾವನವರ ಕಾಲದಿಂದ ಬಂದ ಕರಿ ಕುರಿಗಳು. ಉಳಿದ 8 ಯಳಗ, ಕತ್ತರಿಸುವಷ್ಟು ಉಣ್ಣೆ ಬಾರದ ತಳಿ, ನಮ್ಮ ಯಜಮಾನರು ಅಮೀನಗಡದ ಸಂತೆಯಿಂದ ಹಿಡಿದುಕೊಂಡು ಬಂದವು. ನಾವು ಹಿಂಡು ಕಟ್ಟಿಕೊಂಡು ಊರೂರು ತಿರುಗುವವರಲ್ಲ. ಹೊಳೆದಂಡೆ, ಕೊಯ್ಲಾದ ಹೊಲ, ಗುಡ್ಡದ ಸೆರಗು, ಇಷ್ಟರಲ್ಲೇ ಮೇಯಿಸಿಕೊಂಡು ಸಂಜೆ ದಡ್ಡಿಗೆ ತರುತ್ತೇವೆ.

ಹಿಂಡಿನ ಲೆಕ್ಕ ಬರೆಯುವವಳು ನಾನು. ಸ್ವಸಹಾಯ ಸಂಘದ ಪುಸ್ತಕ ಬರೆದು ರೂಢಿಯಾದ ಕೈ, ಮನೆಯಲ್ಲೂ ಸುಮ್ಮನಿರುವುದಿಲ್ಲ. ಮರಿ ಮಾರಿದ್ದು, ಗೊಬ್ಬರ ಮಾರಿದ್ದು, ಗೊಬ್ಬರಕ್ಕೆಂದು ಬೇರೆಯವರ ಹೊಲದಲ್ಲಿ ಕುರಿ ತರುಬಿದ್ದಕ್ಕೆ ಬಂದ ಜೋಳ, ಎಲ್ಲವೂ ಜಮೆಯ ಕಡೆಗೆ ಇವೆ. ಉಣ್ಣೆ ಒಂದು ಮಾತ್ರ ಖರ್ಚಿನ ಕಡೆಗೆ ಹೋಗಿ ಕುಳಿತಿದೆ. ಕತ್ತರಿಸುವವರು ಕುರಿಯೊಂದಕ್ಕೆ 25 ರೂಪಾಯಿ ಕೇಳುತ್ತಾರೆ, ಮೇಲೆ ಮಧ್ಯಾಹ್ನದ ಊಟ, ಎರಡು ಸಲ ಚಹಾ, ಎಲೆ ಅಡಿಕೆ. 26 ಕುರಿಗೆ 650 ರೂಪಾಯಿ ಆಯಿತು. ಬಿದ್ದ ಉಣ್ಣೆ ಏಳೂವರೆ ಕಿಲೋ. ಊರಿಗೆ ಬಂದ ವ್ಯಾಪಾರಿ ಚೀಲದ ಬಾಯಿಯನ್ನೂ ಬಿಚ್ಚದೆ ಕಿಲೋಗೆ 10 ರೂಪಾಯಿ ಎಂದ. 75 ರೂಪಾಯಿ! ಆ ದಿನ ಬಡಿಸಿದ ಪಲ್ಯದ ಬದನೆಕಾಯಿಗೂ ಅದಕ್ಕಿಂತ ಹೆಚ್ಚು ಕೊಟ್ಟಿದ್ದೇನೆ. ಮಾರದೆ ಅಟ್ಟದ ಮೇಲೆ ಹಾಕಿದ್ದೇನೆ. ಹಿಂದಿನ ಸಲದ್ದೂ ಅಲ್ಲೇ ಇದೆ.

ಕತ್ತರಿಸದೆ ಬಿಡಲು ಬರುವುದಿಲ್ಲ ಎನ್ನುವುದು ನಿಮಗೂ ಗೊತ್ತು. ತುಪ್ಪಟ ಬೆಳೆದರೆ ಬೇಸಿಗೆಯಲ್ಲಿ ಕುರಿ ಏದುಸಿರು ಬಿಡುತ್ತದೆ, ಉಣುಗು ಸೇರುತ್ತದೆ, ಮಳೆಯಲ್ಲಿ ನೆನೆದರೆ ದಿನವಿಡೀ ಆರುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬೆಳಗಾವಿ, ಬಾಗಲಕೋಟೆ ಕಡೆ ಇಷ್ಟು ಸಣ್ಣ ಪ್ರಮಾಣದ ಉಣ್ಣೆಯನ್ನು ನ್ಯಾಯವಾದ ಬೆಲೆಗೆ ಕೊಳ್ಳುವವರು ಇದ್ದಾರೆಯೇ? ನಾವೇ ಕಂಬಳಿ ಮಾಡಿಸಿದರೆ ಗಿಟ್ಟುತ್ತದೆಯೇ? ನಮ್ಮ ಅತ್ತೆಗೆ ನೂಲಲು ಬರುತ್ತದೆ, ರಾಟೆಯೂ ಇದೆ, ಆದರೆ ಅದರ ಮೇಲೆ ಈಗ ಈರುಳ್ಳಿ ಬುಟ್ಟಿ ಕುಳಿತಿದೆ. ದಯವಿಟ್ಟು ಯಾರೂ "ತಿಪ್ಪೆಗೆ ಎಸೆಯಿರಿ" ಎನ್ನಬೇಡಿ. ಆ ಸಲಹೆ ಮನೆಯಲ್ಲೇ ಪುಕ್ಕಟೆ ಸಿಕ್ಕಿದೆ.

ಯಳಗದವ – ಹುನಗುಂದ ತಾಲ್ಲೂಕು

ಅಕ್ಕಾ, ತಿಪ್ಪೆಗೆ ಎಸೆಯಿರಿ ಎನ್ನುವುದಿಲ್ಲ. ಉಣ್ಣೆ ಬರುವ ಕುರಿಯನ್ನೇ ಮಾರಿಬಿಡಿ ಎನ್ನುತ್ತೇನೆ. ನಿಮ್ಮ ಯಜಮಾನರು ತಂದ 8 ಯಳಗ ಇವೆಯಲ್ಲ, ಅವುಗಳನ್ನೇ ಬೆಳೆಸಿ. ಕಾಲು ಉದ್ದ, ಮೈ ಎತ್ತರ, ಕತ್ತರಿಯ ಗೊಡವೆ ಇಲ್ಲ. ನಮ್ಮಲ್ಲಿ ಕೆಲವರು ಕೊಪ್ಪಳ, ರಾಯಚೂರು ಕಡೆಯ ಕೆಂಗುರಿ ತಂದಿದ್ದಾರೆ, ಅದಕ್ಕೂ ಉಣ್ಣೆಯ ಕಾಟವಿಲ್ಲ. ಅಮೀನಗಡದಲ್ಲಾಗಲಿ ಕೆರೂರಿನಲ್ಲಾಗಲಿ ಕೊಳ್ಳುವವನು ಬೆನ್ನು ಹಿಡಿದು ನೋಡುತ್ತಾನೆ, ತೊಡೆ ಹಿಡಿದು ನೋಡುತ್ತಾನೆ. ತುಪ್ಪಟ ಹೇಗಿದೆ ಎಂದು ಕೇಳಿದವನನ್ನು ನಾನು ಕಂಡಿಲ್ಲ. ಸಂತೆಯಲ್ಲಿ ಬೆಲೆ ಇರುವುದು ಮಾಂಸಕ್ಕೆ. ಉಣ್ಣೆಯ ಕಾಲ ನಮ್ಮ ಅಜ್ಜಂದಿರ ಜೊತೆ ಹೋಯಿತು.

ಮಲಪ್ರಭಾ ದಂಡೆ

ತಮ್ಮಾ, ನಮ್ಮ ಯಜಮಾನರ ಮಾತನ್ನೇ ಕದ್ದು ಬರೆದಂತಿದೆ, ಒಂದು ಅಕ್ಷರ ಆಚೀಚೆ ಆಗಿಲ್ಲ. ಆದರೆ ಪುಸ್ತಕ ನೋಡಿ ಹೇಳುತ್ತೇನೆ: ಹೋದ ವರ್ಷ ನಮ್ಮಲ್ಲಿ ಔಷಧಿಗೆ ಹೋದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎಂಟರ ಹೆಸರಿನಲ್ಲಿದೆ. ಎಲ್ಲ ಯಳಗವೂ ಹೀಗೆಯೇ ಎನ್ನುವುದಿಲ್ಲ, ಹೊಸ ಊರಿನ ನೀರು, ಮೇವು ಒಗ್ಗಿರಲಿಕ್ಕಿಲ್ಲ. ಆದರೆ ಕರಿ ಕುರಿಗಳು ಬಿಸಿಲಿಗೆ ಕೂಳೆ ತಿಂದುಕೊಂಡು ಬೆಳೆಯುತ್ತವೆ. 26 ಕುರಿಯನ್ನು ಮಾರುವುದು ಒಂದು ಸಂತೆಯ ಕೆಲಸ. ಹಾಗೆಯೇ ಮತ್ತೆ ಕಟ್ಟಿಕೊಳ್ಳಲು ಆಗುತ್ತದೆಯೇ? ಉಣ್ಣೆಯ ಬಗ್ಗೆ ಗೊತ್ತಿರುವವರು ಹೇಳಿ.

ಕುಣಿಮಗ್ಗ – ಗೋಕಾಕ ತಾಲ್ಲೂಕು

ತಂಗಿ, ಉಣ್ಣೆ ನೇಯುವ ಮನೆಯವನು ನಾನು. ಹಾಲುಮತದಲ್ಲಿ, ಅಂದರೆ ಕುರುಬರಲ್ಲಿ, ಹತ್ತಿಕಂಕಣದವರು, ಉಣ್ಣೆಕಂಕಣದವರು ಎಂದು ಇದ್ದಾರಲ್ಲ, ಮದುವೆಯಲ್ಲಿ ಕೈಗೆ ಉಣ್ಣೆಯ ದಾರ ಕಟ್ಟಿಸಿಕೊಂಡವರು ನಾವು. ಈಗ ಮಗ್ಗದ ಕುಣಿಯಲ್ಲಿ ಕೂರಲು ಮೊಣಕಾಲು ಒಪ್ಪುವುದಿಲ್ಲ. ತಮ್ಮನ ಮಗ ನೇಯುತ್ತಾನೆ, ನಾನು ಉಣ್ಣೆ ನೋಡಿ ಕೊಳ್ಳುತ್ತೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಬೆಲೆಯ ಮಾತು. ನಮ್ಮ ದಖ್ಖನಿ ಉಣ್ಣೆ ಒರಟು. ಸ್ವೆಟರಿಗೆ ಬಳಸುವ ಮೆರಿನೋ ಉಣ್ಣೆಯ ಎಳೆ 24 ಮೈಕ್ರಾನಿಗಿಂತ ತೆಳು, ನಮ್ಮದು ಅದರ ಎರಡು ಪಟ್ಟಿನ ಆಸುಪಾಸು ದಪ್ಪ. ಮೇಲಾಗಿ ಬಣ್ಣ ಕಪ್ಪು. ಬಿಳಿ ಉಣ್ಣೆಗೆ ಬೇಕಾದ ಬಣ್ಣ ಹಾಕಬಹುದು, ಕಪ್ಪಿಗೆ ಏನನ್ನು ಹಾಕಿದರೂ ಕಪ್ಪೇ. ಹೀಗಾಗಿ ಬಟ್ಟೆ ಗಿರಣಿಗೆ ಇದು ಬೇಡ, ರತ್ನಗಂಬಳಿಯವರಿಗೂ ಅಷ್ಟಕ್ಕಷ್ಟೇ. ಇದನ್ನು ಬೇಡುವ ವಸ್ತು ಲೋಕದಲ್ಲಿ ಒಂದೇ, ಕಂಬಳಿ. ಕಂಬಳಿ ಹೊದೆಯುವವರು ಸೋಲಾಪುರದ ಚಾದರಿಗೆ, ಆಮೇಲೆ ಪಾಣಿಪತ್ತಿನ ರಗ್ಗಿಗೆ ಹೋದರು. ನೇಯುವವರು ಕಡಿಮೆಯಾದರು. ಕೊಳ್ಳುವ ಮಗ್ಗಗಳೇ ಇಲ್ಲದಾಗ ವ್ಯಾಪಾರಿ 10 ಎಂದರೂ ನಡೆಯುತ್ತದೆ, 5 ಎಂದರೂ ನಡೆಯುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ. ಏಳೂವರೆ ಕಿಲೋಗಾಗಿ ಗಾಡಿ ನಿಲ್ಲಿಸುವವನು ಡೀಸೆಲ್ಲಿನ ಲೆಕ್ಕ ನೋಡಿಯೇ ನೋಡುತ್ತಾನೆ.

ಆದ್ದರಿಂದ ಕಿಲೋ ಲೆಕ್ಕ ಬಿಟ್ಟು ಕಂಬಳಿ ಲೆಕ್ಕದಲ್ಲಿ ನೋಡಿ. ನಮ್ಮಲ್ಲಿ ಹೊದೆಯುವ ಅಳತೆಯ ಒಂದು ಕಂಬಳಿಗೆ ಹಸನು ಮಾಡಿದ ಉಣ್ಣೆ ಎರಡೂವರೆ ಕಿಲೋದಷ್ಟು ಬೇಕು. ನಿಮ್ಮ ಏಳೂವರೆ ಕಿಲೋದಲ್ಲಿ ಮಣ್ಣು, ಹಿಕ್ಕೆ, ಮುಳ್ಳು ಹೋಗಿ ಆರು ಕಿಲೋ ಉಳಿದರೂ ಎರಡು ಕಂಬಳಿ ಆಗಿ ಮಿಗುತ್ತದೆ. ಅಟ್ಟದ ಮೇಲಿನ ಹಳೆಯದಕ್ಕೆ ನುಸಿ ಹಿಡಿದಿಲ್ಲವಾದರೆ ಅದರಲ್ಲಿ ಇನ್ನೆರಡು. 34 ಕುರಿಯ ಮನೆಗೆ ಉಣ್ಣೆ ಎಂದರೆ ಇಷ್ಟೇ: ವರ್ಷಕ್ಕೆ ಎರಡು ಸಲ ಕತ್ತರಿಸಿದರೆ ನಾಲ್ಕೈದು ಕಂಬಳಿ. ಇದು ಕಣಜ ತುಂಬುವ ಮಾಲಲ್ಲ. ಹಾಗೆಂದು 75 ರೂಪಾಯಿಯ ಮಾಲೂ ಅಲ್ಲ.

ನೇಕಾರ ನಿಮ್ಮ ಉಣ್ಣೆಯನ್ನು ಕೊಳ್ಳಬಹುದು, ಇಲ್ಲವೆ ಕೂಲಿ ತೆಗೆದುಕೊಂಡು ನಿಮ್ಮ ಉಣ್ಣೆಯಲ್ಲೇ ನೇದು ಕೊಡಬಹುದು. ಸಣ್ಣ ಹಿಂಡಿನವರಿಗೆ ಎರಡನೆಯದೇ ಮೇಲು. ಆದರೆ ನಾವು ಎಲ್ಲ ಉಣ್ಣೆಗೂ ಕೈ ಹಾಕುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ, ಇದನ್ನು ಕತ್ತರಿಸಿದ್ದು ಕುರಿಗಾಗಿಯೋ ಉಣ್ಣೆಗಾಗಿಯೋ ಎಂದು.

ಕತ್ತರಿಸುವ ಮೊದಲು ಕುರಿ ತೊಳೆಯಬೇಕು. ನಮ್ಮ ಹಿರಿಯರು ಹಳ್ಳದ ಮಡುವಿಗೆ ಇಳಿಸಿ ಒಂದೊಂದನ್ನೂ ತಿಕ್ಕಿ ಹಾಯಿಸುತ್ತಿದ್ದರು. ನಿಮಗೆ ಮಲಪ್ರಭೆ ಇದ್ದಾಳೆ, ನೀರು ಹರಿಯುವ ಕಾಲ ನೋಡಿಕೊಳ್ಳಿ. ತೊಳೆದ ಮೇಲೆ ಬಿಸಿಲಿನಲ್ಲಿ ಪೂರ್ತಿ ಆರಬೇಕು. ಉಣ್ಣೆ ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ನೀರು ಹಿಡಿದಿರುತ್ತದೆ. ತನ್ನ ತೂಕದ ಕಾಲು ಭಾಗಕ್ಕೂ ಮಿಕ್ಕಿ ತೇವ ಹೀರಿದರೂ ಮುಟ್ಟಿದವರಿಗೆ ಹಸಿ ಎನಿಸುವುದಿಲ್ಲ. ಹಾಗೆಯೇ ಚೀಲಕ್ಕೆ ತುಂಬಿದರೆ ಒಳಗೊಳಗೇ ಬಿಸಿಯಾಗಿ ಮುಗ್ಗು ವಾಸನೆ ಬರುತ್ತದೆ, ಎಳೆ ಪುಡಿಯಾಗುತ್ತದೆ. ಕೆಲವರು ತೂಕ ಬರಲಿ ಎಂದು ಬೇಕೆಂತಲೇ ಹಸಿ ತರುತ್ತಾರೆ. ಅಂಥವರಿಗೆ ಒಮ್ಮೆ ಚಹಾ ಕೊಟ್ಟು ಕಳಿಸುತ್ತೇನೆ, ಎರಡನೇ ಸಲ ಅದೂ ಇಲ್ಲ.

ಕತ್ತರಿಸುವ ಜಾಗದಲ್ಲಿ ತಾಡಪತ್ರಿ ಹಾಸಿ. ಹೊಟ್ಟೆಯ, ಕಾಲಿನ, ಬಾಲದ ಬುಡದ ಉಣ್ಣೆಯನ್ನು ಮೊದಲೇ ತೆಗೆದು ಬೇರೆ ಇಡಿ. ಬೆನ್ನು, ಪಕ್ಕೆಯದೇ ನಿಜವಾದ ಉಣ್ಣೆ. ಕತ್ತರಿ ಚರ್ಮಕ್ಕೆ ಹತ್ತಿ ಒಂದೇ ಸಲ ಹೋಗಬೇಕು. ಮೇಲೆ ಮೇಲೆ ಕತ್ತರಿಸಿ, ಉಳಿದ ಮೋಟನ್ನು ಮತ್ತೆ ಸವರಿದರೆ ಉಗುರುದ್ದದ ತುಂಡುಗಳು ಬೀಳುತ್ತವೆ, ಅವು ನೂಲಿಗೆ ನಿಲ್ಲುವುದಿಲ್ಲ, ನೂಲುವವರ ಮಡಿಲಿಗೆ ಉದುರುತ್ತವೆ. ಕೂಲಿಯವರಿಗೆ ಕುರಿ ಲೆಕ್ಕದಲ್ಲಿ ದುಡ್ಡು ಕೊಡುವುದರಿಂದ ಅವರಿಗೆ ಅವಸರ. ಎರಡು ರೂಪಾಯಿ ಹೆಚ್ಚು ಕೊಟ್ಟು, ಎದುರಿಗೆ ಕುಳಿತು ಮಾಡಿಸಿ. ಚರ್ಮಕ್ಕೆ ಕತ್ತರಿ ತಾಗಿ ಗಾಯವಾದರೆ ಆಗಲೇ ಔಷಧಿ ಹಚ್ಚಿ, ಇಲ್ಲವಾದರೆ ಹುಳು ಬೀಳುತ್ತವೆ.

ಬಣ್ಣ ಬೇರೆ ಮಾಡಿ. ಅಚ್ಚ ಕಪ್ಪು ಒಂದು ಚೀಲ, ಬಿಸಿಲಿಗೆ ತುದಿ ಕಂದಾದದ್ದು ಇನ್ನೊಂದು, ಮುದಿ ಕುರಿಯ ಬೂದು, ಬಿಳಿ ಮಚ್ಚೆಯದು ಮತ್ತೊಂದು. ಮರಿಯ ಮೊದಲ ತುಪ್ಪಟವನ್ನು ಯಾವ ಕಾರಣಕ್ಕೂ ಬೆರೆಸಬೇಡಿ. ಅದು ಮೆತ್ತಗೆ, ಕಪ್ಪು ಗಾಢ, ಒಳ್ಳೆಯ ಕಂಬಳಿಗೆ ನಾವು ಹುಡುಕುವುದು ಅದನ್ನೇ. ಗುರುತಿಗೆ ಕುರಿಯ ಬೆನ್ನಿಗೆ ಪೇಂಟು, ಡಾಂಬರು ಬಳಿಯುವ ಚಟ ಇದ್ದರೆ ಬಿಟ್ಟುಬಿಡಿ, ಅದು ಯಾವ ನೀರಿಗೂ ಹೋಗುವುದಿಲ್ಲ. ಕೊಂಬಿದ್ದರೆ ಅದಕ್ಕೆ ಬಳಿಯಿರಿ, ಇಲ್ಲವಾದರೆ ಕಿವಿಗೆ ಓಲೆ ಹಾಕಿಸಿ. ಉತ್ತರಾಣಿ ಬೆಳೆದ ಬದುವಿನಲ್ಲಿ ಮೇಯಿಸಿದ ಕುರಿಯ ಉಣ್ಣೆಯನ್ನು ಬಿಡಿಸುವ ಹೆಂಗಸರು ನಿಮಗೆ ಶಾಪ ಹಾಕುತ್ತಾರೆ, ಕತ್ತರಿಸುವ ಮುಂಚಿನ ದಿನಗಳಲ್ಲಾದರೂ ಆ ಕಡೆ ಹೋಗಬೇಡಿ.

ಇನ್ನೊಂದು ಮಾತು, ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಯಳಗ ಟಗರು ದಖ್ಖನಿ ಕುರಿಗೆ ಹಾರುವಂತೆ ಬಿಡಬೇಡಿ. ಹುಟ್ಟುವ ಮರಿ ಸಂತೆಯಲ್ಲಿ ಚೆನ್ನಾಗಿ ಕಾಣಬಹುದು, ಆದರೆ ಅದರ ಮೈಮೇಲೆ ಉಣ್ಣೆಗಿಂತ ಕೂದಲೇ ಹೆಚ್ಚು. ಕೂದಲಿಗೆ ತಿರುಪು ಹತ್ತುವುದಿಲ್ಲ, ನೂಲಿನಿಂದ ಎದ್ದು ನಿಂತು ಹೊದ್ದವರ ಕತ್ತು ಚುಚ್ಚುತ್ತದೆ. ಎರಡು ತಲೆಮಾರು ಹಾಗೆ ಬೆರೆತರೆ ಆಮೇಲೆ ಉಣ್ಣೆಯ ಪ್ರಶ್ನೆ ನೀವೂ ಕೇಳುವುದಿಲ್ಲ, ನಾನೂ ಉತ್ತರಿಸುವುದಿಲ್ಲ. ದಡ್ಡಿ ಒಂದೇ ಆದರೆ ಟಗರಿನ ಹೊಟ್ಟೆಯ ಕೆಳಗೆ ಗೋಣಿತಟ್ಟಿನ ತುಂಡು ಕಟ್ಟುವ ಹಳೆಯ ಉಪಾಯವಿದೆ.

ನಿಂಬೆ ತೋಟ – ಇಂಡಿ, ವಿಜಯಪುರ

ಕಾಕಾ ಅವರು ಬೇರೆ ಇಡಿ ಎಂದ ಹೊಟ್ಟೆಯ, ಕಾಲಿನ, ಹಿಕ್ಕೆ ಹತ್ತಿದ ಉಣ್ಣೆ ಇದೆಯಲ್ಲ, ಅದನ್ನು ಚೆಲ್ಲಬೇಡಿ. ನಾನು ನಿಂಬೆ ಗಿಡಗಳ ಬುಡಕ್ಕೆ ಅದನ್ನೇ ಹಾಕುತ್ತೇನೆ. ಉಣ್ಣೆ ಎಂದರೆ ಕೂದಲು, ಉಗುರಿನ ಜಾತಿಯ ಪ್ರೋಟೀನು. ಕೊಳೆತರೆ ಅದರಿಂದ ಸಾರಜನಕ, ಗಂಧಕ ಎರಡೂ ಬರುತ್ತವೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರು ಕಿಲೋಗೆ ಅರ್ಧ ಕಿಲೋದ ಆಸುಪಾಸು ಮಾತ್ರ, ಉಣ್ಣೆಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ಆದರೆ ನಿಧಾನ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಯೂರಿಯಾದ ಹಾಗೆ ಒಂದು ವಾರದಲ್ಲಿ ಹಸಿರು ತೋರಿಸುವುದಿಲ್ಲ. ನಮ್ಮ ಇಂಡಿಯ ಬಿಸಿಲಿಗೆ ಅದಕ್ಕಿಂತ ದೊಡ್ಡ ಲಾಭ ಎಂದರೆ ತೇವ ಹಿಡಿದಿಡುವುದು.

ಮಣ್ಣಿನ ಮೇಲೆ ಹರಡಿದರೆ ಒಣಗಿ ಹಾರುತ್ತದೆ, ಹಕ್ಕಿಗಳು ಗೂಡಿಗೆ ಒಯ್ಯುತ್ತವೆ, ನಾಯಿಗಳು ಎಳೆದಾಡುತ್ತವೆ. ಗಿಡದ ನೆರಳು ಬೀಳುವ ಅಂಚಿನಲ್ಲಿ ಗೇಣುದ್ದ ತೋಡಿ, ಉಣ್ಣೆ ಹಾಸಿ, ನೀರು ಹಾಕಿ, ಮಣ್ಣು ಮುಚ್ಚಬೇಕು. ಕಾಂಡಕ್ಕೆ ತಾಗಿಸಬಾರದು. ಉಣುಗಿಗೆ ಔಷಧಿ ಹೊಡೆದ ಕೂಡಲೇ ಕತ್ತರಿಸಿದ ಉಣ್ಣೆಯನ್ನು ನಾನು ತೆಗೆದುಕೊಳ್ಳುವುದಿಲ್ಲ.

ರಾಮದುರ್ಗದಿಂದ ಇಂಡಿಗೆ ಎರಡು ಕಿಲೋ ಕಳಿಸಿದರೆ ಬಸ್ಸಿನ ಲಗೇಜೇ ಹೆಚ್ಚಾದೀತು. ನಿಮ್ಮ ಹತ್ತಿರದಲ್ಲೇ ದಾಳಿಂಬೆ, ಪೇರಲ ಹಾಕಿದವರು ಇರುತ್ತಾರೆ, ಕೇಳಿ ನೋಡಿ. ಇಲ್ಲವಾದರೆ ನಿಮ್ಮ ಹಿತ್ತಲಿನ ನುಗ್ಗೆ, ಕರಿಬೇವಿಗೆ ಹಾಕಿ.

ಸಂತೆ ಅಂಗಡಿ – ಬೆಳಗಾವಿ

ನಾನು ಬೆಳಗಾವಿಯಲ್ಲಿ ಕೈಮಗ್ಗದ ಸಾಮಾನು ಮಾರುತ್ತೇನೆ, ಜಾತ್ರೆ, ಪ್ರದರ್ಶನಗಳಲ್ಲೂ ಅಂಗಡಿ ಹಾಕುತ್ತೇನೆ. ಕಂಬಳಿ ಮಾಡಿಸುವುದು ಸುಲಭದ ಅರ್ಧ, ಮಾರುವುದು ಕಷ್ಟದ ಅರ್ಧ, ಅದನ್ನು ಯಾರೂ ಹೇಳುತ್ತಿಲ್ಲವಾದ್ದರಿಂದ ನಾನು ಹೇಳುತ್ತೇನೆ.

ಪೇಟೆಯ ಗಿರಾಕಿ ಕಂಬಳಿಯನ್ನು ಮೊದಲು ಮೂಗಿಗೆ ಹಿಡಿಯುತ್ತಾರೆ, ಆಮೇಲೆ ಕೆನ್ನೆಗೆ. "ಕುರಿಯ ವಾಸನೆ ಬರುತ್ತದೆ" ಎನ್ನುತ್ತಾರೆ, "ಚುಚ್ಚುತ್ತದೆ" ಎನ್ನುತ್ತಾರೆ. ಕಂಬಳಿಯಲ್ಲಿ ಉಂಡು ಕೂದಲು ಆರಿಸಿದ ಹಾಗೆ ಎಂದು ನಮ್ಮಲ್ಲಿ ಗಾದೆಯೇ ಇದೆ, ಆದರೆ ಗಿರಾಕಿಗೆ ಗಾದೆ ಹೇಳಿ ಮಾರಲು ಆಗುವುದಿಲ್ಲ. ನಾಲ್ಕು ದಿನ ನೆರಳಿನಲ್ಲಿ ಗಾಳಿಗೆ ಹಾಕಿದರೆ ವಾಸನೆ ಬಹುಪಾಲು ಹೋಗುತ್ತದೆ. ಚುಚ್ಚುವುದು ಹೋಗುವುದಿಲ್ಲ. ಅದಕ್ಕೇ ನಾನು ಹೊದಿಕೆ ಎಂದು ಮಾರುವುದಿಲ್ಲ, ಹಾಸು ಎಂದು ಮಾರುತ್ತೇನೆ. ಬೆನ್ನುನೋವು ಇರುವವರು ಚಾದರದ ಕೆಳಗೆ ಹಾಸಲು ಒಯ್ಯುತ್ತಾರೆ. ಜಪಕ್ಕೆ, ಯೋಗಕ್ಕೆ ಕೂರುವವರು ಸಣ್ಣ ಆಸನ ಕೇಳುತ್ತಾರೆ. ಮಡಿಗೆ ಧಾಬಳಿ ಉಡುತ್ತಿದ್ದ ಮನೆಗಳಲ್ಲಿ ಉಣ್ಣೆಯ ಆಸನಕ್ಕೆ ಇಂದಿಗೂ ಮರ್ಯಾದೆ ಇದೆ. ಒಂದು ಕಂಬಳಿಯಷ್ಟು ಉಣ್ಣೆಯಲ್ಲಿ ಆರು ಆಸನ ನೇಯಿಸಿದರೆ ನನ್ನ ಅಂಗಡಿಯಲ್ಲಿ ಅವು ಕಂಬಳಿಗಿಂತ ಬೇಗ ಹೋಗುತ್ತವೆ.

ನಿಮ್ಮ ನಿಜವಾದ ಗಿರಾಕಿ ಪೇಟೆಯಲ್ಲಿಲ್ಲ ಅಕ್ಕಾ. ಬೀರಪ್ಪನ ಗುಡಿಯ ಪೂಜಾರಿಗಳು, ಡೊಳ್ಳಿನ ಮೇಳದವರು, ಮದುವೆಯಲ್ಲಿ ಗದ್ದಿಗೆ ಹಾಸುವವರು, ಸಭೆಯಲ್ಲಿ ಮುಖಂಡರಿಗೆ ಕಂಬಳಿ ಹೊದಿಸಿ ಸನ್ಮಾನ ಮಾಡುವವರು, ಇವರಿಗೆ ಅಚ್ಚ ಕಪ್ಪು ಬೇಕು, ವಾಸನೆಯ ತಕರಾರು ಇಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಕೇಳಿ ಒಯ್ಯುವವರು ಸಿಗುತ್ತಾರೆ. ನಾನು ಕೈಯಲ್ಲಿ ನೂತ, ಕೈಮಗ್ಗದಲ್ಲಿ ನೇದ ಕಂಬಳಿಯನ್ನು 2,000 ರೂಪಾಯಿಗೆ ಕಡಿಮೆ ಮಾರಿಲ್ಲ, ಮರಿ ಉಣ್ಣೆಯದಾದರೆ ಇನ್ನೂ ಹೆಚ್ಚು. ಆದರೆ ಪಕ್ಕದ ಅಂಗಡಿಯಲ್ಲಿ 400 ರೂಪಾಯಿಗೆ "ಕರಿ ಕಂಬಳಿ" ನೇತು ಹಾಕಿರುತ್ತಾರೆ. ಅದರ ಒಂದು ಎಳೆ ಕಿತ್ತು ಕಡ್ಡಿ ಗೀರಿ ತೋರಿಸುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹೊಸಕಿದರೆ ಬೂದಿಯಾಗುತ್ತದೆ. ಸಿಂಥೆಟಿಕ್ ಆದರೆ ಕರಗಿ ಗಟ್ಟಿ ಮಣಿ ಕಟ್ಟುತ್ತದೆ. ಈ ಪರೀಕ್ಷೆಯನ್ನು ನೀವೂ ಕಲಿತಿಡಿ. ಪಕ್ಕದ ಅಂಗಡಿಯವನ ಮುಖ ನೋಡಬೇಡಿ, ಅಷ್ಟೇ.

ಯಳಗದವ

650 ಖರ್ಚು, ಮೇಲೆ ನೂಲುವ ಕೂಲಿ, ನೇಯುವ ಕೂಲಿ, ಜಾತ್ರೆಗೆ ಬಸ್ಸು, ಅಲ್ಲಿ ಊಟ. ಇಷ್ಟೆಲ್ಲ ಮಾಡಿ ನಾಲ್ಕು ಕಂಬಳಿ! ಅಷ್ಟು ಹೊತ್ತಿನಲ್ಲಿ ಒಂದು ಮರಿ ಸಾಕಿ ಮಾರಬಹುದು. ನಾನು ಜಗಳಕ್ಕೆ ಹೇಳುತ್ತಿಲ್ಲ, ಲೆಕ್ಕಕ್ಕೆ ಹೇಳುತ್ತಿದ್ದೇನೆ.

ಮಲಪ್ರಭಾ ದಂಡೆ

ಲೆಕ್ಕ ಎಂದಿರಲ್ಲ ತಮ್ಮಾ, ಹಾಕಿಯೇ ಬಿಟ್ಟೆ. ಕುಣಿಮಗ್ಗದ ಕಾಕಾ ಅವರು ನೇಯುವ ಕೂಲಿಯನ್ನು ಹೇಳಿಲ್ಲ, ನಮ್ಮ ಕಡೆ ವಿಚಾರಿಸಿದಾಗ ಪಿಂಜಿ, ನೂತು, ನೇದು ಕೊಡಲು ಕಂಬಳಿಗೆ 1,000 ಎಂದರು. ಎರಡು ಕಂಬಳಿಗೆ 2,000, ಕತ್ತರಿಸಿದ್ದಕ್ಕೆ 650, ಊಟ ಚಹಾಕ್ಕೆ 250 ಎಂದು ಹಿಡಿಯಿರಿ. ಒಟ್ಟು 2,900. ಬೆಳಗಾವಿಯ ಅಕ್ಕ ಹೇಳಿದ ಬೆಲೆಗೆ ಎರಡೂ ಹೋದರೆ 4,000. ಉಳಿಯುವುದು 1,100. ಜಾತ್ರೆಗೆ ಹೇಗೂ ಹೋಗುತ್ತೇವೆ, ಆ ಬಸ್ಸಿನ ಚಾರ್ಜನ್ನು ಕಂಬಳಿಯ ತಲೆಗೆ ಕಟ್ಟುವುದಿಲ್ಲ. ಅತ್ತೆ ನೂತರೆ ಕೂಲಿಯಲ್ಲಿ ಒಂದು ದೊಡ್ಡ ಪಾಲು ಮನೆಯಲ್ಲೇ ಉಳಿಯುತ್ತದೆ.

ಕಂಬಳಿ ಮಾಡಿಸದೆ ಉಣ್ಣೆಯನ್ನೇ 75 ರೂಪಾಯಿಗೆ ಕೊಟ್ಟಿದ್ದರೆ? 900 ಖರ್ಚು, 75 ಜಮೆ, 825 ಲುಕ್ಸಾನು. ಕತ್ತರಿಸುವುದಂತೂ ತಪ್ಪುವುದಿಲ್ಲ, ಆ 900 ಹೋಗುವುದೇ. ಲುಕ್ಸಾನು 825 ಎನ್ನುವಲ್ಲಿ ಲಾಭ 1,100 ಬಂದರೆ ಎರಡರ ನಡುವಿನ ಅಂತರ 1,925. ನಿಮ್ಮ ಮರಿಯ ಬೆಲೆ ಇದಕ್ಕಿಂತ ಹೆಚ್ಚು, ಒಪ್ಪಿದೆ. ಆದರೆ ಮರಿಯನ್ನೂ ನಾನು ಮಾರುತ್ತೇನಲ್ಲ? ಉಣ್ಣೆ ಕತ್ತರಿಸಿದ ಮಾತ್ರಕ್ಕೆ ಕುರಿ ಮರಿ ಹಾಕುವುದನ್ನು ಬಿಡುವುದಿಲ್ಲ.

ಕಾಕಾ, ಎರಡು ಸಂಶಯಗಳಿವೆ. ಅಟ್ಟದ ಮೇಲಿನ ಹಳೆಯ ಉಣ್ಣೆ ಪ್ಲಾಸ್ಟಿಕ್ ಗೊಬ್ಬರ ಚೀಲದಲ್ಲಿದೆ, ಇಳಿಸಿ ನೋಡಿದೆ. ಒಂದು ಚೀಲ ಚೆನ್ನಾಗಿದೆ, ಇನ್ನೊಂದರ ತಳದಲ್ಲಿ ಹಿಡಿದೆಳೆದರೆ ತುಂಡಾಗುತ್ತದೆ. ಎರಡನ್ನೂ ಬೆರೆಸಬಹುದೇ? ಮತ್ತೆ, ಅತ್ತೆ ನೂಲಲು ಒಪ್ಪಿದ್ದಾರೆ, ಆದರೆ ಪಿಂಜಿ ಕೊಟ್ಟರೆ ಮಾತ್ರ ಎನ್ನುತ್ತಾರೆ. ನಮ್ಮ ಊರಿನಲ್ಲಿ ಉಣ್ಣೆ ಪಿಂಜುವ ಕಮಾನು ಹಿಡಿಯುವವರು ಈಗ ಯಾರೂ ಇಲ್ಲ. ಈರುಳ್ಳಿ ಬುಟ್ಟಿಯನ್ನು ರಾಟೆಯ ಮೇಲಿಂದ ಇಳಿಸಲು ಹೇಳಿದ್ದಾರೆ, ಅದು ಬೇರೆ.

ಕುಣಿಮಗ್ಗ

ಬೆರೆಸಬೇಡಿ. ಒಂದು ಸಣ್ಣ ಎಳೆಗೊಂಚಲನ್ನು ಎರಡೂ ತುದಿ ಹಿಡಿದು ಕಿವಿಯ ಹತ್ತಿರ ಚಟ್ಟನೆ ಎಳೆಯಿರಿ. ಸಿಡಿಯದೆ ನಿಂತರೆ ಅದು ಕಂಬಳಿಗೆ. ತುಂಡಾದರೆ ಇಂಡಿಯವರು ಹೇಳಿದ ಹಾಗೆ ಗಿಡಕ್ಕೆ. ಒಂದು ಹಿಡಿ ಕೆಟ್ಟ ಉಣ್ಣೆ ಇಡೀ ನೂಲನ್ನು ಕೆಡಿಸುತ್ತದೆ, ಮಗ್ಗದಲ್ಲಿ ಮಾರಿಗೊಂದು ಗಂಟು ಹಾಕುತ್ತಾ ಕೂರಬೇಕಾಗುತ್ತದೆ. ಇನ್ನು ಮುಂದೆ ಗೋಣಿ ಇಲ್ಲವೆ ಹತ್ತಿ ಬಟ್ಟೆಯ ಚೀಲದಲ್ಲಿ ಇಡಿ, ಒಣಗಿದ ಬೇವಿನ ಎಲೆ ಹಾಕಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಅಮಾವಾಸ್ಯೆಗೊಮ್ಮೆ ಬಿಸಿಲಿಗೆ ಹಾಕಿದರೆ ನುಸಿ ಹತ್ತುವುದಿಲ್ಲ.

ಪಿಂಜುವುದನ್ನು ನಮ್ಮಲ್ಲಿ ಮಾಡಿ ಕೊಡುತ್ತೇವೆ. ಹಿಂಜಿದ ಉಣ್ಣೆಯನ್ನು ಹಂಜಿ ಮಾಡಿ ಕಳಿಸಿದರೆ ನಿಮ್ಮ ಅತ್ತೆ ನೂಲಲಿ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ಹಾಸಿನ ನೂಲು ಬಿಗಿಯಾಗಿರಬೇಕು, ಅಡ್ಡಕ್ಕೆ ಹಾಯುವ ಹೊಕ್ಕಿನದು ಸ್ವಲ್ಪ ಸಡಿಲಿದ್ದರೂ ನಡೆಯುತ್ತದೆ. ಕೈ ತಪ್ಪಿ ಬಹಳ ದಿನವಾಗಿದ್ದರೆ ಮೊದಲು ಹೊಕ್ಕು ನೂಲಲಿ, ಹಾಸನ್ನು ನಮ್ಮ ಮನೆಯ ಹೆಂಗಸರು ನೂತು ಕೊಡುತ್ತಾರೆ. ಗಂಜಿ ಹಾಕುವ ಕೆಲಸ ನಮ್ಮದು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಮಾಡುವ ಗಂಜಿಯನ್ನು ಹಾಸಿನ ನೂಲಿಗೆ ಬ್ರಷ್ಷಿನಿಂದ ತೀಡುತ್ತೇವೆ. ಅದಿಲ್ಲದೆ ಉಣ್ಣೆಯ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದು, ಸಣ್ಣ ಮಳೆ ಮೇಲೆಯೇ ಜಾರಿ ಹೋಗುವುದು ಆ ಗಂಜಿಯಿಂದಲೇ. ನಿಮ್ಮ ಮನೆಯಲ್ಲಿ ಹುಣಸೆ ಹಣ್ಣು ಬಡಿಯುವಾಗ ಬೀಜ ಚೆಲ್ಲದೆ ಒಂದು ಚೀಲ ಕೂಡಿಡಿ, ಕೂಲಿಯಲ್ಲಿ ಮುರಿದುಕೊಳ್ಳುತ್ತೇನೆ.

ಕೂಲಿ ಎಂದಿರಿ, ಅಲ್ಲಿ 1,000 ಎಂದವರು ಯಾವ ಅಳತೆಗೆ ಹೇಳಿದರು ಎಂದು ಕೇಳಿಕೊಳ್ಳಿ. ಕಂಬಳಿ ಎಂದರೆ ಎಲ್ಲರ ಅಳತೆ ಒಂದೇ ಅಲ್ಲ. ಉದ್ದ, ಅಗಲ, ತೂಕ ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡು ಉಣ್ಣೆ ಕೊಡಿ. ಎರಡೂವರೆ ಕಿಲೋ ಕೊಟ್ಟು ಒಂದೂವರೆ ಕಿಲೋದ ಕಂಬಳಿ ತಂದವರನ್ನು ಕಂಡಿದ್ದೇನೆ. ಹಸನು ಮಾಡುವಾಗ, ಪಿಂಜುವಾಗ ಸ್ವಲ್ಪ ಹೋಗುತ್ತದೆ, ಕಿಲೋಗಟ್ಟಲೆ ಹೋಗುವುದಿಲ್ಲ.

ರಾಮದುರ್ಗದಿಂದ ನಮ್ಮ ಕಡೆಗೆ ಬರುವುದು ದೂರ ಎನಿಸಿದರೆ ನಿಮ್ಮ ತಾಲ್ಲೂಕಿನ ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘದಲ್ಲಿ ಮಗ್ಗ ಇರುವವರು ಯಾರೆಂದು ಕೇಳಿ. ದೊಡ್ಡ ಪ್ರಮಾಣ ಆದರೆ ರಾಣೆಬೆನ್ನೂರಿನ ಮೇಡ್ಲೇರಿ ಇದೆ, ಚಳ್ಳಕೆರೆ ಇದೆ, ಅಲ್ಲಿ ಇಂದಿಗೂ ಕಂಬಳಿಯ ಕೆಲಸ ನಡೆಯುತ್ತದೆ. ಆದರೆ ಏಳೂವರೆ ಕಿಲೋ ಹೊತ್ತುಕೊಂಡು ಅಲ್ಲಿಗೆ ಹೋಗಬೇಡಿ. ನಿಮ್ಮ ಸ್ವಸಹಾಯ ಸಂಘದಲ್ಲಿ ಕುರಿ ಇರುವ ಮನೆಗಳು ಎಷ್ಟಿವೆ? ಎಲ್ಲರೂ ಒಂದೇ ವಾರದಲ್ಲಿ ಕತ್ತರಿಸಿ, ಇಲ್ಲಿ ಹೇಳಿದಂತೆ ಬಣ್ಣ ಬೇರೆ ಮಾಡಿ ಒಂದೆಡೆ ಕೂಡಿಸಿದರೆ ಆಗ ವ್ಯಾಪಾರಿ ಚೀಲದ ಬಾಯಿ ಬಿಚ್ಚುತ್ತಾನೆ.

ಮಲಪ್ರಭಾ ದಂಡೆ

ಸಂಘದಲ್ಲಿ ಕುರಿ ಇರುವವರು ಏಳು ಮನೆ. ಎರಡು ಮನೆಯವರು ಬೆನ್ನಿಗೆ ಹಸಿರು ಪೇಂಟು ಬಳಿಯುತ್ತಾರೆ, ಅವರೊಡನೆ ಮೊದಲು ಮಾತನಾಡಬೇಕು. ಬೆಳಗಾವಿಯ ಅಕ್ಕಾ, ಆಸನದ ಅಳತೆ ಹೇಳಿ. ಮೊದಲ ಸಲ ಒಂದು ಕಂಬಳಿ, ಉಳಿದದ್ದರಲ್ಲಿ ಆಸನ ಮಾಡಿಸೋಣ ಎಂದುಕೊಂಡಿದ್ದೇನೆ.

ಸಂತೆ ಅಂಗಡಿ

ಎರಡು ಅಡಿ ಚೌಕ. ಅಂಚಿಗೆ ಬಿಳಿ ಉಣ್ಣೆಯ ಎರಡು ಗೆರೆ ಬಂದರೆ ಚೆಂದ, ಅದಕ್ಕೆ ನಿಮ್ಮ ಬಿಳಿ ಮಚ್ಚೆಯ ಕುರಿಯದೇ ಸಾಕು. ನಾಲ್ಕು ಆಸನ ಮೊದಲು ಕಳಿಸಿ. ಮಾರಿದ ಮೇಲೆ ಹಣ ಕೊಡುತ್ತೇನೆ, ಮೊದಲೇ ಕೊಡುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಹಣ ಯಾವಾಗ ಬರುತ್ತದೆ ಎಂದು ಆಮೇಲೆ ಪುಸ್ತಕ ಹಿಡಿದುಕೊಂಡು ಬರಬೇಡಿ.

ಮಲಪ್ರಭಾ ದಂಡೆ

ಪುಸ್ತಕ ಹಿಡಿದುಕೊಂಡೇ ಬರುತ್ತೇನೆ ಅಕ್ಕಾ. ಕಾಕಾ, ಮುಂದಿನ ವಾರ ಚೆನ್ನಾಗಿರುವ ಚೀಲವನ್ನು ಯಜಮಾನರ ಕೈಯಲ್ಲಿ ಕಳಿಸುತ್ತೇನೆ. ತೂಕ ಇಲ್ಲೇ ಮಾಡಿ ಚೀಲಕ್ಕೆ ಚೀಟಿ ಕಟ್ಟಿರುತ್ತೇನೆ, ನೀವೂ ಒಮ್ಮೆ ತೂಗಿಕೊಳ್ಳಿ. ಹುಣಸೆ ಬೀಜ ಈ ಸಲದ್ದು ಇದೆ, ಹುಳು ಹಿಡಿದಿಲ್ಲದ್ದನ್ನು ಆರಿಸಿ ಅದೇ ಗಾಡಿಯಲ್ಲಿ ಹಾಕುತ್ತೇನೆ. ಟಗರಿನ ಮಾತನ್ನು ಅವರಿಗೆ ನೀವೇ ಎದುರಿಗೆ ಹೇಳಿ, ನಾನು ಹೇಳಿದರೆ ಅದು ಉಣ್ಣೆಯ ಮಾತಾಗಿ ಉಳಿಯುವುದಿಲ್ಲ.